ಊಹೂಂ ಎನ್ನಲು ಸಂಬಳವಿಲ್ಲ

2003ರ ಒಂದು ಫೋಟೋ ಇದೆ. ಅಮೆರಿಕದಲ್ಲಿ ಬ್ಯಾಂಕ್ ಠೇವಣಿಗಳಿಗೆ ವಿಮೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಐಸಿ ಅದನ್ನು ತನ್ನ ವಾರ್ಷಿಕ ವರದಿಯಲ್ಲೇ ಅಚ್ಚು ಹಾಕಿಸಿತ್ತು. ಸೂಟು ತೊಟ್ಟ ಐವರು ಗಣ್ಯರು ನಿಂತಿದ್ದಾರೆ. ಮುಂದೆ ಕೆಂಪು ಪಟ್ಟಿ ಸುತ್ತಿದ ಕಾಗದದ ರಾಶಿ. ಬ್ಯಾಂಕುಗಳು ಪಾಲಿಸಬೇಕಾದ ನಿಯಮಗಳವು. ನಾಲ್ವರ ಕೈಯಲ್ಲಿ ಗಿಡ ಸವರುವ ಕತ್ತರಿ, ಒಬ್ಬರ ಕೈಯಲ್ಲಿ ಮರ ಕೊಯ್ಯುವ ಮೋಟಾರು ಗರಗಸ. ಗರಗಸ ಹಿಡಿದವರು ಟಿಂಬರ್ ವ್ಯಾಪಾರಿ ಎಂದುಕೊಳ್ಳಬೇಡಿ. ಅವರು ಜೇಮ್ಸ್ ಗಿಲ್ಲೆರನ್, ಉಳಿತಾಯ ಬ್ಯಾಂಕುಗಳ ಮೇಲೆ ಕಣ್ಣಿಡಬೇಕಾದ ಒಟಿಎಸ್ ಎಂಬ ಇಲಾಖೆಯ ಮುಖ್ಯಸ್ಥರು. ಕತ್ತರಿ ಹಿಡಿದವರಲ್ಲಿ ಒಬ್ಬರು ಎಫ್‌ಡಿಐಸಿಯ ದೊಡ್ಡ ಅಧಿಕಾರಿ, ಮಿಕ್ಕ ಮೂವರು ಬ್ಯಾಂಕುಗಳ ಸಂಘಗಳ ಪ್ರತಿನಿಧಿಗಳು. ಕಾಯುವವರೂ ಯಾರನ್ನು ಕಾಯಬೇಕೋ ಅವರೂ ಒಂದೇ ಫೋಟೋದಲ್ಲಿ, ಒಂದೇ ನಗುವಿನಲ್ಲಿ. ಐದು ವರ್ಷಕ್ಕೆ ಬ್ಯಾಂಕುಗಳು ಉರುಳಿದವು. ಎಂಟು ವರ್ಷಕ್ಕೆ ಒಟಿಎಸ್ ಇಲಾಖೆಗೇ ಬಾಗಿಲು ಹಾಕಲಾಯಿತು. ಆ ಗರಗಸದ ಗತಿ ಏನಾಯಿತೆಂದು ಮಾತ್ರ ಯಾವ ತನಿಖಾ ಆಯೋಗವೂ ಕೇಳಲಿಲ್ಲ.

ಹಣಕಾಸಿನ ಬಿಕ್ಕಟ್ಟು ಬಂದಾಗಲೆಲ್ಲ ಅದರ ಕಾರಣ ಹುಡುಕುವ ಹೊಣೆ, ಬರುವ ಮುನ್ನ ಅದನ್ನು ಕಾಣದಿದ್ದವರ ಹೆಗಲಿಗೇ ಬೀಳುವುದು ವಾಡಿಕೆ. ಹದಿನೆಂಟು ವರ್ಷಕ್ಕೂ ಹೆಚ್ಚು ಕಾಲ ಅಮೆರಿಕದ ಕೇಂದ್ರ ಬ್ಯಾಂಕನ್ನು ಆಳಿದ ಅಲನ್ ಗ್ರೀನ್‌ಸ್ಪಾನ್, 2008ರ ಅಕ್ಟೋಬರಿನಲ್ಲಿ ಸಂಸದೀಯ ಸಮಿತಿಯ ಮುಂದೆ ಕೂತು, ಇದು ಶತಮಾನಕ್ಕೊಮ್ಮೆ ಬರುವ ಸಾಲದ ಸುನಾಮಿ ಎಂದರು. ಎಂಥ ಅನುಕೂಲದ ಮಾತು! ಸುನಾಮಿಗೆ ಸಮನ್ಸ್ ಜಾರಿ ಮಾಡಲಾಗದು, ಅದರ ಬೋನಸ್ಸನ್ನು ಮುಟ್ಟುಗೋಲು ಹಾಕಲಾಗದು. ಇನ್ನು ಕೆಲವರು ಎಲ್ಲಕ್ಕೂ ದುರಾಸೆಯೇ ಕಾರಣ ಎಂದು ಷರಾ ಬರೆದು ಎದ್ದುಹೋದರು. ದುರಾಸೆ 1950ರಲ್ಲೂ ಇತ್ತು, ಅದಕ್ಕೂ ಹಿಂದೆ ಧರ್ಮರಾಯ ಪಗಡೆಗೆ ಕೂತಾಗಲೂ ಇತ್ತು. ಮನುಷ್ಯನಿಗೆ ದುರಾಸೆ ಇದೆ ಎಂಬುದು ತಿಳಿದಿದ್ದರಿಂದಲೇ ಅಲ್ಲವೇ, ಹತ್ತು ಜನರನ್ನು ಸಂಬಳ ಕೊಟ್ಟು ಅಡ್ಡ ನಿಲ್ಲಿಸಿದ್ದು? ಸಾಲ ಕೊಡುವ ಮುನ್ನ ಪರಿಶೀಲಿಸುವವನು, ಬಾಂಡಿನ ಗುಣ ಅಳೆಯುವವನು, ಲೆಕ್ಕ ತಪಾಸಣೆ ಮಾಡುವವನು, ಕಾನೂನು ಸಲಹೆಗಾರ, ಸರ್ಕಾರಿ ನಿಯಂತ್ರಕ, ಇವರೆಲ್ಲರಿಗಿಂತ ಎತ್ತರದಲ್ಲಿ ಅರ್ಥಶಾಸ್ತ್ರಜ್ಞ. ಬೇಕಾದಾಗ ‘ಊಹೂಂ’ ಎನ್ನುವುದೊಂದೇ ಇವರ ಕೆಲಸ. ಬಿಕ್ಕಟ್ಟಿನ ಬೇರು ಇಲ್ಲಿದೆ: ಊಹೂಂ ಎನ್ನಬೇಕಾದ ಒಬ್ಬೊಬ್ಬರ ಸಂಬಳವೂ ‘ಹೂಂ’ ಕೇಳಬಯಸುವವನ ಜೇಬಿನಿಂದಲೇ ಬರತೊಡಗಿತು. ಒಬ್ಬೊಬ್ಬರನ್ನೇ ಮಾತಾಡಿಸಿಕೊಂಡು ಬರೋಣ.

ಮೊದಲನೆಯವನು ಸಾಲ ಕೊಡಿಸುವ ಬ್ರೋಕರ್. ಸಿಯಾಟಲ್‌ನ ವಾಷಿಂಗ್ಟನ್ ಮ್ಯೂಚುಯಲ್ ಬ್ಯಾಂಕಿನ ಜಾಹೀರಾತು ‘ದಿ ಪವರ್ ಆಫ್ ಯೆಸ್’ ಎಂದು ಸಾರುತ್ತಿತ್ತು. ಹೂಂ ಎಂಬುದರ ಮಹಿಮೆ! ಮನೆ ಸಾಲ ಕೇಳಿ ಬಂದವನ ಆದಾಯವೆಷ್ಟು? ಅವನು ಹೇಳಿದಷ್ಟು. ಪುರಾವೆ? ಅವನು ಹೇಳಿದ್ದೇ. ಇಂಥ ಸಾಲಗಳಿಗೆ ದಂಧೆಯವರೇ ‘ಲಯರ್ ಲೋನ್’ ಎಂದು ನಾಮಕರಣ ಮಾಡಿದ್ದರು, ಸುಳ್ಳುಗಾರರ ಸಾಲ. ಆದಾಯ, ಉದ್ಯೋಗ, ಆಸ್ತಿ ಮೂರೂ ಇಲ್ಲದವರಿಗೆ ಕೊಟ್ಟ ಸಾಲಕ್ಕೆ ‘ನಿಂಜಾ’ ಎಂಬ ಮುದ್ದು ಹೆಸರು. ಮೊದಲ ಎರಡು ವರ್ಷ ಕಂತು ಹಗುರ, ಮೂರನೆಯ ವರ್ಷ ಬಡ್ಡಿ ಜಿಗಿಯುವಂತೆ ಪತ್ರ ಬರೆದಿರುತ್ತಿದ್ದರು. ಮೂರನೆಯ ವರ್ಷದ ಚಿಂತೆ ಬ್ರೋಕರ್‌ಗೇಕೆ? ಅವನ ಕಮಿಷನ್ ಸಹಿ ಬಿದ್ದ ದಿನವೇ ಕೈಸೇರುತ್ತಿತ್ತು, ಬಡ್ಡಿ ದರ ಹೆಚ್ಚಿದಷ್ಟೂ ಕಮಿಷನ್ನೂ ಹೆಚ್ಚು. ಸಾಲ ಕೊಟ್ಟ ಕಂಪನಿಗಾದರೂ ಚಿಂತೆ ಬೇಡವೇ? ಅದು ಆ ಸಾಲಪತ್ರವನ್ನು ವಾಲ್‌ಸ್ಟ್ರೀಟಿಗೆ ಮಾರಿ ಕೈತೊಳೆದುಕೊಂಡಾಗಿರುತ್ತಿತ್ತು. ಸಾಲ ತೀರದಿದ್ದರೆ ನಷ್ಟ ಯಾರದೋ, ಊಹೂಂ ಅಂದರೆ ನಷ್ಟ ಇವತ್ತೇ, ತನ್ನದೇ. ಇಂಥ ಲೆಕ್ಕದ ಮುಂದೆ ಹರಿಶ್ಚಂದ್ರನೂ ಎರಡು ಸಲ ಯೋಚಿಸುತ್ತಿದ್ದ.

ವಾಲ್‌ಸ್ಟ್ರೀಟ್ ಸಾವಿರಾರು ಸಾಲಗಳನ್ನು ಒಟ್ಟುಗೂಡಿಸಿ ಬಾಂಡ್ ಮಾಡಿತು. ಆ ಬಾಂಡನ್ನು ಪದರ ಪದರವಾಗಿ ಸೀಳಿತು. ಕಂತಿನ ಹಣ ಬಂದರೆ ಮೇಲಿನ ಪದರದವರಿಗೆ ಮೊದಲು, ನಷ್ಟ ಬಂದರೆ ಕೆಳಗಿನ ಪದರದವರಿಗೆ ಮೊದಲು. ಈ ಸರಕನ್ನು ಮಾರಲು ಬೇಕಾದದ್ದು ಒಂದು ಮುದ್ರೆ: ಟ್ರಿಪಲ್ ಎ. ಮುದ್ರೆ ಒತ್ತುವವರು ಮೂವರು, ಮೂಡೀಸ್, ಎಸ್ ಆಂಡ್ ಪಿ, ಫಿಚ್. ಜಾನ್ ಮೂಡಿ 1909ರಲ್ಲಿ ರೈಲ್ವೆ ಬಾಂಡುಗಳ ಯೋಗ್ಯತೆ ಅಳೆಯತೊಡಗಿದಾಗ ಅವನ ಪುಸ್ತಕ ಕೊಂಡು ದುಡ್ಡು ಕೊಡುತ್ತಿದ್ದವರು ಹೂಡಿಕೆದಾರರು. 1970ರ ದಶಕದ ಶುರುವಿನಲ್ಲಿ ಇದು ತಲೆಕೆಳಗಾಯಿತು. ಬಾಂಡ್ ಮಾರುವವನೇ ರೇಟಿಂಗ್ ಶುಲ್ಕವನ್ನೂ ಕೊಡುವ ಪದ್ಧತಿ ಬಂತು. ಮದುವೆ ದಲ್ಲಾಳಿಗೆ ಗಂಡಿನ ಕಡೆಯವರೇ ದಕ್ಷಿಣೆ ಕೊಟ್ಟು, ಹುಡುಗ ಅಪರಂಜಿ ಎಂದು ಬರೆಸಿಕೊಂಡು, ಆ ಚೀಟಿಯನ್ನು ಹೆಣ್ಣಿನ ಮನೆಗೆ ಕಳಿಸಿದಂತೆ. ಈ ದಲ್ಲಾಳಿ ಅನುಮಾನಿಸಿದರೆ ಎದುರು ಬೀದಿಯಲ್ಲಿ ಇನ್ನಿಬ್ಬರು ಪೆನ್ನು ತೆರೆದು ಕೂತಿದ್ದಾರೆ.

ಫಲಿತಾಂಶ ಕೇಳಿ. ಅಮೆರಿಕ ಸರ್ಕಾರ ನೇಮಿಸಿದ ತನಿಖಾ ಆಯೋಗ 2011ರಲ್ಲಿ ಕೊಟ್ಟ ವರದಿಯ ಪ್ರಕಾರ, 2000ದಿಂದ 2007ರವರೆಗೆ ಮೂಡೀಸ್ ಸುಮಾರು 45,000 ಅಡಮಾನ ಬಾಂಡುಗಳಿಗೆ ಟ್ರಿಪಲ್ ಎ ಒತ್ತಿತು. 2010ರ ಆರಂಭದಲ್ಲಿ ಇಡೀ ಅಮೆರಿಕದ ಖಾಸಗಿ ಕಂಪನಿಗಳಲ್ಲಿ ಆ ಗೌರವ ಇದ್ದದ್ದು ಆರಕ್ಕೆ ಮಾತ್ರ. 2006ರಲ್ಲಂತೂ ಕೆಲಸದ ದಿನವೊಂದಕ್ಕೆ ಮೂವತ್ತು ಬಾಂಡಿನಂತೆ ಮುದ್ರೆ ಬಿತ್ತು. ಆ ವರ್ಷ ಟ್ರಿಪಲ್ ಎ ಎನಿಸಿಕೊಂಡವುಗಳಲ್ಲಿ ಶೇ 83ರ ದರ್ಜೆಯನ್ನು ಕಡೆಗೆ ಇಳಿಸಬೇಕಾಯಿತು. ನೂರಕ್ಕೆ ಹದಿನೇಳು ಅಂಕ ತೆಗೆದ ವಿದ್ಯಾರ್ಥಿಯನ್ನು ನಾವು ನಪಾಸು ಮಾಡುತ್ತೇವೆ. ಈ ಬಗೆಯ ಬಾಂಡುಗಳಿಂದ ಮೂಡೀಸ್‌ಗೆ ಬರುತ್ತಿದ್ದ ವರಮಾನ ಮಾತ್ರ 2000ದಲ್ಲಿ 19.9 ಕೋಟಿ ಡಾಲರ್ ಇದ್ದದ್ದು 2006ಕ್ಕೆ 88.7 ಕೋಟಿಗೆ ಏರಿತು. ಯಾರೂ ಕೊಳ್ಳಲೊಲ್ಲದ ಕೆಳಗಿನ ಪದರಗಳೂ ಹಾಳಾಗಲಿಲ್ಲ. ಅವನ್ನೆಲ್ಲ ಮತ್ತೆ ಕಟ್ಟಿ ‘ಸಿಡಿಒ’ ಎಂಬ ಹೊಸ ಹೆಸರಿಟ್ಟರು, ಅದರಲ್ಲೂ ಶೇ 80ರಷ್ಟಕ್ಕೆ ಟ್ರಿಪಲ್ ಎ ಸಿಕ್ಕಿತು. ತಾಮ್ರವನ್ನು ಚಿನ್ನ ಮಾಡಲು ಹೊರಟು ಸೋತ ರಸವಾದಿಗಳಿಗೆ ಶುಲ್ಕ ಕೊಡುವ ಗಿರಾಕಿಯೊಬ್ಬ ಸಿಗಲಿಲ್ಲ, ಅಷ್ಟೇ ವ್ಯತ್ಯಾಸ.

ಎಸ್ ಆಂಡ್ ಪಿಯ ನೌಕರರಿಬ್ಬರು 2007ರ ಏಪ್ರಿಲ್‌ನಲ್ಲಿ ಕಚೇರಿಯ ಚಾಟ್‌ನಲ್ಲಿ ಮನಸ್ಸು ಬಿಚ್ಚಿ ಮಾತಾಡಿದ್ದು ಆಮೇಲೆ ಹೊರಬಿತ್ತು. ಹಸುಗಳು ಕೂತು ಕಟ್ಟಿದ ಬಾಂಡಾದರೂ ಸರಿ, ನಾವು ರೇಟಿಂಗ್ ಕೊಡುತ್ತೇವೆ ಎಂಬುದು ಅದರ ಸಾರ. ಹಸುವಿಗೆ ಇಲ್ಲಿ ಅನ್ಯಾಯವಾಗಿದೆ. ಹುಲಿ ಬಾಯಿ ತೆರೆದು ಕೂತಿದೆ ಎಂದು ಗೊತ್ತಿದ್ದೂ ಕೊಟ್ಟ ಮಾತಿಗೆ ನಡೆದುಬಂದ ಪುಣ್ಯಕೋಟಿಯ ಕುಲ ಅದು. ಹಸುವಿನ ಮುಂದೆ ಆ ಬಾಂಡ್ ಹಿಡಿದಿದ್ದರೆ ಒಮ್ಮೆ ಮೂಸಿ ಮುಖ ತಿರುಗಿಸುತ್ತಿತ್ತು, ಶುಲ್ಕವನ್ನೂ ಕೇಳುತ್ತಿರಲಿಲ್ಲ. ಸಿಕ್ಕಿಬಿದ್ದ ಮೇಲೆ ಏಜೆನ್ಸಿಗಳು ಕೊಟ್ಟ ಸಮಜಾಯಿಷಿಯೂ ಸೊಗಸಾಗಿದೆ: ನಮ್ಮ ರೇಟಿಂಗ್ ಬರಿಯ ಅಭಿಪ್ರಾಯ, ಅದಕ್ಕೆ ಸಂವಿಧಾನದ ವಾಕ್‌ಸ್ವಾತಂತ್ರ್ಯದ ರಕ್ಷಣೆ ಇದೆ. ಅಭಿಪ್ರಾಯವನ್ನು ಇಷ್ಟು ದುಬಾರಿಗೆ ಮಾರಿದ ಪತ್ರಕರ್ತ ಈ ಭೂಮಿಯ ಮೇಲೆ ಹುಟ್ಟಿಲ್ಲ. ಕಡೆಗೆ ಎಸ್ ಆಂಡ್ ಪಿ 2015ರಲ್ಲಿ 137.5 ಕೋಟಿ ಡಾಲರ್, ಮೂಡೀಸ್ 2017ರಲ್ಲಿ 86.4 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು. ವ್ಯವಹಾರ ಮುಂದುವರಿದಿದೆ. ಶುಲ್ಕ ಇಂದಿಗೂ ಮಾರುವವನದೇ.

ಬ್ಯಾಂಕುಗಳಿಗೆ ಈ ಮುದ್ರೆಯ ಮೇಲೆ ಅಷ್ಟೊಂದು ಮೋಹವೇಕೆ? ಅದಕ್ಕೂ ನಿಯಮ ಬರೆದವರೇ ದಾರಿ ಮಾಡಿಕೊಟ್ಟಿದ್ದರು. ಬ್ಯಾಂಕೊಂದು ನೂರು ಡಾಲರ್ ಮನೆ ಸಾಲ ಕೊಟ್ಟು ತನ್ನ ಬಳಿಯೇ ಇಟ್ಟುಕೊಂಡರೆ, ನಷ್ಟಕ್ಕೆ ಆಸರೆಯಾಗಿ ನಾಲ್ಕು ಡಾಲರ್ ಸ್ವಂತ ಬಂಡವಾಳ ಇಡಬೇಕಿತ್ತು. ಅದೇ ಸಾಲಗಳನ್ನು ಬಾಂಡ್ ಮಾಡಿ, ಟ್ರಿಪಲ್ ಎ ಒತ್ತಿಸಿ, ವಾಪಸ್ ಕೊಂಡುಕೊಂಡರೆ 1.60 ಡಾಲರ್ ಸಾಕು. 2001ರ ಅಮೆರಿಕದ ನಿಯಮವಿದು. ಸಾಲಗಾರ ಅವನೇ, ಮನೆ ಅದೇ, ನಡುವೆ ಶುಲ್ಕ ಪಡೆದ ಮೂರು ಕೈ ದಾಟಿದ್ದಕ್ಕೆ ಅಪಾಯ ಅರ್ಧಕ್ಕಿಂತ ಕಡಿಮೆಯಾಯಿತು ಎಂದು ಕಾನೂನೇ ನಂಬಿತು. ಜಗತ್ತೂ ನಂಬಿತು. ಕ್ಯಾಲಿಫೋರ್ನಿಯಾದಲ್ಲಿ ಕಂತು ತಪ್ಪಿದ್ದಕ್ಕೂ ನಾರ್ವೆಯ ನಾರ್ವಿಕ್ ಪಟ್ಟಣಕ್ಕೂ ಏನು ಸಂಬಂಧ ಎಂದು ಕೇಳಬಹುದು. ಉತ್ತರ ಧ್ರುವವೃತ್ತದ ಆಚೆಗಿರುವ ಆ ಊರಿನ ಪೌರಸಂಸ್ಥೆ, ಇನ್ನಷ್ಟು ಪೌರಸಂಸ್ಥೆಗಳ ಜೊತೆ ಸೇರಿ, ಜಲವಿದ್ಯುತ್ತಿನಿಂದ ಮುಂದೆ ಬರಲಿದ್ದ ಆದಾಯವನ್ನು ಒತ್ತೆಯಿಟ್ಟು ವಾಲ್‌ಸ್ಟ್ರೀಟಿನಲ್ಲಿ ತಯಾರಾದ ಜಟಿಲ ಪತ್ರಗಳನ್ನು ಕೊಂಡಿತ್ತು. 2007ರ ಕೊನೆಗೆ ಅವು ಕರಗಿದವು. ಜಾಗತೀಕರಣ ಎಂದರೆ ಏನೆಂದು ಅಲ್ಲಿನ ಶಾಲೆ, ವೃದ್ಧಾಶ್ರಮಗಳಿಗೂ ಅರ್ಥವಾಯಿತು.

ಇನ್ನು ಸರ್ಕಾರಿ ನಿಯಂತ್ರಕ. ಗರಗಸದ ಖ್ಯಾತಿಯ ಒಟಿಎಸ್‌ಗೆ ಸರ್ಕಾರದ ಬಜೆಟ್ಟಿನಿಂದ ಹಣ ಬರುತ್ತಿರಲಿಲ್ಲ. ತಾನು ತಪಾಸಣೆ ಮಾಡುವ ಬ್ಯಾಂಕುಗಳಿಂದಲೇ ಶುಲ್ಕ ಎತ್ತಿ ಅದು ಬದುಕಬೇಕಿತ್ತು. ವಾಷಿಂಗ್ಟನ್ ಮ್ಯೂಚುಯಲ್ ಒಂದೇ ಅದರ ಆದಾಯದ ಶೇ 12ರಿಂದ 15ರಷ್ಟನ್ನು ಕೊಡುತ್ತಿತ್ತು. ಜೊತೆಗೆ ಅಲ್ಲಿನ ಬ್ಯಾಂಕುಗಳು ಲೈಸೆನ್ಸಿನ ಬಗೆ ಬದಲಿಸಿ ತಮ್ಮ ನಿಯಂತ್ರಕನನ್ನೇ ಬದಲಿಸಿಕೊಳ್ಳಬಹುದಿತ್ತು. ಮನೆ ಸಾಲದ ದೈತ್ಯ ಕಂಟ್ರಿವೈಡ್ 2007ರ ಮಾರ್ಚಿನಲ್ಲಿ ಹಳೆಯ ನಿಯಂತ್ರಕನನ್ನು ಬಿಟ್ಟು ಒಟಿಎಸ್ ಮಡಿಲಿಗೆ ಬಂತು. ಪರೀಕ್ಷೆ ಬರೆಯುವ ಹುಡುಗನೇ ಮೌಲ್ಯಮಾಪಕನನ್ನು ಆರಿಸಿ, ಸಂಬಳವನ್ನೂ ಕೊಡುವ ಸೌಭಾಗ್ಯ. ಇಂಡಿಮ್ಯಾಕ್ ಎಂಬ ಬ್ಯಾಂಕಿಗೆ 2008ರ ಮೇ ತಿಂಗಳಲ್ಲಿ ಬಂದ 1.8 ಕೋಟಿ ಡಾಲರನ್ನು ಮಾರ್ಚಿನಲ್ಲೇ ಬಂದಿತ್ತೆಂದು ತೋರಿಸಲು ಒಟಿಎಸ್ ಅಧಿಕಾರಿಯೇ ಅನುಮತಿ ಕೊಟ್ಟದ್ದೂ ಪತ್ತೆಯಾಯಿತು. ಜುಲೈನಲ್ಲಿ ಇಂಡಿಮ್ಯಾಕ್ ಮುಳುಗಿತು. ಸೆಪ್ಟೆಂಬರಿನಲ್ಲಿ 30,700 ಕೋಟಿ ಡಾಲರ್ ಆಸ್ತಿಯ ವಾಷಿಂಗ್ಟನ್ ಮ್ಯೂಚುಯಲ್ ಉರುಳಿ, ಅಮೆರಿಕದ ಇತಿಹಾಸದಲ್ಲೇ ಬಿದ್ದ ಬ್ಯಾಂಕುಗಳಲ್ಲಿ ಅತಿ ದೊಡ್ಡದೆನಿಸಿತು. ಹೂಂ ಎಂಬುದರ ಶಕ್ತಿ ಅಷ್ಟಿತ್ತು.

ಜಗತ್ತಿನ ದೊಡ್ಡ ವಿಮಾ ಕಂಪನಿಗಳಲ್ಲಿ ಒಂದಾದ ಎಐಜಿ ಕೂಡ ಒಟಿಎಸ್ ಕೃಪೆಯಲ್ಲೇ ಇತ್ತು. ಸಣ್ಣದೊಂದು ಉಳಿತಾಯ ಬ್ಯಾಂಕಿನ ಒಡೆತನವಿದ್ದರೆ ಸಾಕು, ಇಡೀ ಸಾಮ್ರಾಜ್ಯವೇ ಒಟಿಎಸ್ ಕಣ್ಗಾವಲಿಗೆ ಸೇರುತ್ತಿತ್ತು. ಆ ಸಾಮ್ರಾಜ್ಯದ ಒಂದು ಸಣ್ಣ ಕಚೇರಿ ಲಂಡನ್ನಿನಲ್ಲಿ ಕೂತು, ಬಾಂಡ್ ಮುಳುಗಿದರೆ ತಾನು ತುಂಬಿಕೊಡುವುದಾಗಿ ಕಂಡಕಂಡವರಿಗೆ ಮಾತು ಕೊಡುತ್ತಿತ್ತು. ಅಡಮಾನ ಬಾಂಡುಗಳ ಮೇಲೆ ಕೊಟ್ಟ ಭರವಸೆಯೇ ಸುಮಾರು 8,000 ಕೋಟಿ ಡಾಲರಿನದು. ಇದನ್ನು ವಿಮೆ ಎಂದಿದ್ದರೆ ಕಾನೂನು ಪ್ರಕಾರ ಹಣ ತೆಗೆದಿಡಬೇಕಿತ್ತು. ಆದ್ದರಿಂದ ‘ಸ್ವಾಪ್’ ಎಂದು ಕರೆದರು, ತೆಗೆದಿಡುವ ತೊಂದರೆ ತಪ್ಪಿತು. ಒಂದೇ ಒಂದು ಡಾಲರ್ ಕಳೆದುಕೊಳ್ಳುವ ಸನ್ನಿವೇಶವನ್ನೂ ಊಹಿಸಲಾರೆ ಎಂದು ಆ ಘಟಕದ ಮುಖ್ಯಸ್ಥ 2007ರ ಆಗಸ್ಟಿನಲ್ಲಿ ಹೂಡಿಕೆದಾರರಿಗೆ ಹೇಳಿದರು. ಮುಂದಿನ ವರ್ಷದ ಸೆಪ್ಟೆಂಬರ್ 16ರಂದು ಕೇಂದ್ರ ಬ್ಯಾಂಕ್ 8,500 ಕೋಟಿ ಡಾಲರ್ ಸುರಿದು ಎಐಜಿಯನ್ನು ಎತ್ತಿ ನಿಲ್ಲಿಸಬೇಕಾಯಿತು. ಪಾಪ, ಅವರ ಊಹಾಶಕ್ತಿಗೂ ಯಾರಾದರೂ ವಿಮೆ ಮಾಡಿಸಬೇಕಿತ್ತು.

ಅದರ ಹಿಂದಿನ ದಿನವಷ್ಟೇ ಲೇಮನ್ ಬ್ರದರ್ಸ್ 61,300 ಕೋಟಿ ಡಾಲರ್ ಸಾಲದೊಂದಿಗೆ ದಿವಾಳಿ ಅರ್ಜಿ ಹಾಕಿತ್ತು. ಲೇಮನ್‌ಗೊಂದು ವಿದ್ಯೆ ಗೊತ್ತಿತ್ತು. ತ್ರೈಮಾಸಿಕ ಲೆಕ್ಕ ಮುಗಿಯುವ ಹೊತ್ತಿಗೆ ಒಂದಷ್ಟು ಆಸ್ತಿಯನ್ನು ಕೆಲವೇ ದಿನಗಳ ಮಟ್ಟಿಗೆ ಯಾರಿಗೋ ಒಪ್ಪಿಸಿ ಸಾಲ ಪಡೆಯುವುದು, ಪುಸ್ತಕದಲ್ಲಿ ಮಾತ್ರ ಅದನ್ನು ಮಾರಾಟ ಎಂದು ಬರೆಯುವುದು, ಲೆಕ್ಕ ತೋರಿಸಿದ ಮೇಲೆ ವಾಪಸ್ ತರುವುದು. ಹೆಸರು ‘ರೆಪೋ 105’. 2008ರ ಎರಡನೆಯ ತ್ರೈಮಾಸಿಕದಲ್ಲಿ ಹೀಗೆ 5,000 ಕೋಟಿ ಡಾಲರ್ ಕಣ್ಮರೆಯಾಗಿತ್ತು. ಇದು ಮಾರಾಟವೇ ಹೌದೆಂದು ಬರೆದುಕೊಡಲು ಅಮೆರಿಕದ ಯಾವ ವಕೀಲ ಸಂಸ್ಥೆಯೂ ಒಪ್ಪಲಿಲ್ಲ. ಹಾಗಾದರೆ ಬಿಡಬೇಕಲ್ಲವೇ? ಬಿಡಲಿಲ್ಲ. ಲಂಡನ್ನಿನ ವಕೀಲ ಸಂಸ್ಥೆಯೊಂದರಿಂದ ಇಂಗ್ಲಿಷ್ ಕಾನೂನಿನ ಪ್ರಕಾರ ಪತ್ರ ತರಿಸಿಕೊಂಡರು. ಲೆಕ್ಕಪರಿಶೋಧಕರು ಆ ಪತ್ರ ಇಟ್ಟುಕೊಂಡು ಸಹಿ ಹಾಕಿದರು. ಒಂದು ದೇಶದಲ್ಲಿ ಊಹೂಂ ಎಂದರೆ ಇನ್ನೊಂದು ದೇಶದಿಂದ ಹೂಂ ಆಮದು ಮಾಡಿಕೊಳ್ಳಬಹುದು. ಮುಕ್ತ ವ್ಯಾಪಾರದ ಲಾಭಗಳು ಅನೇಕ.

ಅರ್ಥಶಾಸ್ತ್ರಜ್ಞರನ್ನು ಮರೆತರೆ ಅವರಿಗೆ ಬೇಸರವಾದೀತು. ಸುಮಾರು ಮೂರು ಲಕ್ಷ ಜನರ ಐಸ್‌ಲ್ಯಾಂಡಿನಲ್ಲಿ ಮೂರು ಬ್ಯಾಂಕುಗಳು ಊದಿಕೊಂಡು, ಅವುಗಳ ಆಸ್ತಿ ದೇಶದ ಜಿಡಿಪಿಯ ಒಂಬತ್ತು ಪಟ್ಟಿನ ಆಸುಪಾಸಿಗೆ ಬಂದಿತ್ತು. ಜನ ಅನುಮಾನಿಸತೊಡಗಿದಾಗ, 2006ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿ ಕೊಲಂಬಿಯಾ ವಿಶ್ವವಿದ್ಯಾಲಯದ ಫ್ರೆಡರಿಕ್ ಮಿಶ್ಕಿನ್ ಅವರಿಂದ ಒಂದು ವರದಿ ಬರೆಸಿತು. ಅವರಿಗೆ ಸಂದ ಸಂಭಾವನೆ 1,24,000 ಡಾಲರ್. ಐಸ್‌ಲ್ಯಾಂಡಿನ ಹಣಕಾಸು ಸ್ಥಿರತೆ ಎಂಬುದೇ ವರದಿಯ ಶೀರ್ಷಿಕೆ. 2008ರ ಅಕ್ಟೋಬರಿನ ಒಂದೇ ವಾರದಲ್ಲಿ ಮೂರೂ ಬ್ಯಾಂಕುಗಳು ನೆಲಕಚ್ಚಿದವು. ಆಮೇಲೆ ಮಿಶ್ಕಿನ್ ಅವರ ಬಯೋಡೇಟಾದಲ್ಲಿ ಆ ವರದಿಯ ಹೆಸರು ‘ಹಣಕಾಸು ಅಸ್ಥಿರತೆ’ ಎಂದಾಗಿತ್ತು. ‘ಇನ್‌ಸೈಡ್ ಜಾಬ್’ ಸಾಕ್ಷ್ಯಚಿತ್ರದವರು ಕೇಳಿದಾಗ ಅಚ್ಚಿನ ತಪ್ಪಿರಬೇಕು ಎಂದರು. ಒಂದೇ ಅಕ್ಷರ ಸೇರಿಸಿ ಇಡೀ ದೇಶದ ಭವಿಷ್ಯವನ್ನು ಸರಿಯಾಗಿ ನುಡಿದ ಇಂಥ ಮುದ್ರಾರಾಕ್ಷಸ ನಮ್ಮ ಪತ್ರಿಕೆಗಳ ಪಾಲಿಗೆ ಎಂದೂ ಬಂದಿಲ್ಲ.

ಹಾಗೆಂದು ಊಹೂಂ ಎಂದವರೇ ಇರಲಿಲ್ಲವೇ? ಇದ್ದರು. ಬ್ರೂಕ್ಸ್‌ಲಿ ಬಾರ್ನ್ ಎಂಬ ವಕೀಲೆ 1998ರಲ್ಲಿ ಸರ್ಕಾರಿ ಆಯೋಗವೊಂದರ ಅಧ್ಯಕ್ಷೆಯಾಗಿದ್ದು, ಯಾರ ಕಣ್ಣಿಗೂ ಬೀಳದೆ ನಡೆಯುತ್ತಿರುವ, ಎಐಜಿಯ ‘ಸ್ವಾಪ್’ನಂಥ ಡಿರೈವೇಟಿವ್ ವ್ಯವಹಾರಗಳನ್ನು ನಿಯಮದಡಿ ತರಬೇಕೇ ಎಂದು ಪ್ರಶ್ನಿಸಿದರು. ಪ್ರಶ್ನೆ ಮಾತ್ರ, ಕಾನೂನೂ ಅಲ್ಲ. ಗ್ರೀನ್‌ಸ್ಪಾನ್, ಖಜಾನೆ ಕಾರ್ಯದರ್ಶಿ ರಾಬರ್ಟ್ ರೂಬಿನ್, ಅವರ ಉಪಾಧಿಕಾರಿ ಲ್ಯಾರಿ ಸಮ್ಮರ್ಸ್ ಎಲ್ಲರೂ ಮುಗಿಬಿದ್ದರು. ಆ ವರ್ಷದ ಸೆಪ್ಟೆಂಬರಿನಲ್ಲೇ, ಇಬ್ಬರು ನೊಬೆಲ್ ಪುರಸ್ಕೃತರಿದ್ದ ಎಲ್‌ಟಿಸಿಎಂ ಎಂಬ ಹೆಡ್ಜ್ ಫಂಡ್ ಅದೇ ಡಿರೈವೇಟಿವ್‌ಗಳ ಭಾರಕ್ಕೆ ಕುಸಿದು, ಬ್ಯಾಂಕುಗಳು ಸೇರಿ ಅದನ್ನು ಉಳಿಸಬೇಕಾಯಿತು. ಬಾರ್ನ್ ಹೇಳಿದ್ದು ಸರಿ ಎಂದಾಯಿತಲ್ಲ, ಹಾಗಾಗಿ ಅವರ ಆಯೋಗದ ಕೈ ಕಟ್ಟಲಾಯಿತು. 1999ರಲ್ಲಿ ಅವರು ಹುದ್ದೆ ಬಿಟ್ಟರು. 2000ದ ಡಿಸೆಂಬರಿನಲ್ಲಿ ಅಂಥ ವ್ಯವಹಾರಗಳನ್ನು ನಿಯಂತ್ರಣದಿಂದ ದೂರವಿಡುವ ಕಾಯ್ದೆಯೇ ಬಂತು. ಆಗ ಮುಖಬೆಲೆಯಲ್ಲಿ 95 ಲಕ್ಷ ಕೋಟಿ ಡಾಲರಿನಷ್ಟಿದ್ದ ಆ ಮಾರುಕಟ್ಟೆ 2008ರ ಜೂನ್‌ಗೆ 670 ಲಕ್ಷ ಕೋಟಿ ದಾಟಿತು. ಅಷ್ಟರಲ್ಲಿ ರೂಬಿನ್ ಸಿಟಿಗ್ರೂಪ್ ಸೇರಿದ್ದರು.

2005ರ ಆಗಸ್ಟಿನಲ್ಲಿ ಅಮೆರಿಕದ ಜಾಕ್ಸನ್ ಹೋಲ್‌ನಲ್ಲಿ ಗ್ರೀನ್‌ಸ್ಪಾನ್ ಅವರ ಗೌರವಾರ್ಥ ಸಭೆ ಸೇರಿತ್ತು. ಹೊಗಳಿಕೆಯ ಹೂಮಳೆಯ ನಡುವೆ ಅರ್ಥಶಾಸ್ತ್ರಜ್ಞ ರಘುರಾಮ್ ರಾಜನ್ ಎದ್ದು, ಹಣಕಾಸು ಕ್ಷೇತ್ರದ ಈ ಬೆಳವಣಿಗೆಯೇ ಜಗತ್ತಿನ ಅಪಾಯವನ್ನು ಹೆಚ್ಚಿಸಿಲ್ಲವೇ ಎಂಬ ಪ್ರಬಂಧ ಓದಿದರು. ಲಾಭಕ್ಕೆ ಬೋನಸ್ ಇದೆ, ನಷ್ಟಕ್ಕೆ ದಂಡವಿಲ್ಲ, ಹಾಗಾಗಿ ಎಲ್ಲರೂ ಕಾಣದ ಅಪಾಯದ ಮೇಲೆ ಪಣ ಕಟ್ಟುತ್ತಿದ್ದಾರೆ ಎಂಬುದು ಅವರ ವಾದ. ಅವರ ಮಾತಿನ ನೆಲೆಯೇ ಕೊಂಚ ಪ್ರಗತಿವಿರೋಧಿ ಎಂದು ಸಮ್ಮರ್ಸ್ ಮೂದಲಿಸಿದರು. ಮಾರನೆಯ ವರ್ಷ ಕೇಂದ್ರ ಬ್ಯಾಂಕಿನ ಚುಕ್ಕಾಣಿ ಹಿಡಿದ ಬೆನ್ ಬರ್ನಾಂಕೆ, ಸಬ್‌ಪ್ರೈಮ್ (ತೀರಿಸುವ ಶಕ್ತಿ ಕಡಿಮೆ ಇದ್ದವರ) ಸಾಲದ ಸಮಸ್ಯೆ ಹತೋಟಿಯಲ್ಲೇ ಉಳಿಯುವಂತಿದೆ ಎಂದು 2007ರ ಮಾರ್ಚಿನಲ್ಲಿ ನುಡಿದರು. 2022ರಲ್ಲಿ ಅವರಿಗೆ ನೊಬೆಲ್ ಬಂತು, ಬ್ಯಾಂಕ್ ಬಿಕ್ಕಟ್ಟುಗಳ ಮೇಲಿನ ಹಳೆಯ ಸಂಶೋಧನೆಗೆ. ವಿದ್ವತ್ತಿನ ಬಗ್ಗೆ ತಕರಾರಿಲ್ಲ. 1930ರ ಬಿಕ್ಕಟ್ಟನ್ನು ಅವರಷ್ಟು ಸ್ಪಷ್ಟವಾಗಿ ಕಂಡವರು ವಿರಳ.

ಬಿದ್ದ ಮೇಲೆ ಬಿಲ್ಲು ಯಾರಿಗೆ? ಬ್ಯಾಂಕುಗಳ ರಕ್ಷಣೆಗೆ ಖಜಾನೆ ಇಲಾಖೆ 70,000 ಕೋಟಿ ಡಾಲರ್ ಕೇಳಿತು. ಈ ಸಂಖ್ಯೆಗೆ ಆಧಾರವೇನು ಎಂಬ ಪತ್ರಕರ್ತರ ಪ್ರಶ್ನೆಗೆ ಇಲಾಖೆಯ ವಕ್ತಾರೆ, ನಿರ್ದಿಷ್ಟ ಆಧಾರವೇನೂ ಇಲ್ಲ, ನಿಜಕ್ಕೂ ದೊಡ್ಡದೊಂದು ಸಂಖ್ಯೆ ಬೇಕಿತ್ತು ಎಂದರು. ಇಡೀ ಪ್ರಕರಣದಲ್ಲಿ ಸತ್ಯ ಹೇಳಿದ ಏಕೈಕ ಸರ್ಕಾರಿ ದನಿ ಇದೇ ಇರಬೇಕು. ಎಐಜಿಗೆ ಹೋದ ಹಣದಲ್ಲಿ 1,290 ಕೋಟಿ ಡಾಲರ್ ಗೋಲ್ಡ್‌ಮನ್ ಸ್ಯಾಕ್ಸ್ ಕಡೆಗೆ ಹರಿಯಿತು, ಅದರ ಸ್ವಾಪ್ ಬಾಕಿಗೆ ಒಂದು ಪೈಸೆಯೂ ಕಡಿತವಿರಲಿಲ್ಲ. ಎಐಜಿಯನ್ನು ಮುಳುಗಿಸಿದ ಘಟಕದ ನೌಕರರಿಗೆ 2009ರ ಮಾರ್ಚಿನಲ್ಲಿ 16.5 ಕೋಟಿ ಡಾಲರ್ ಬೋನಸ್. ಸರ್ಕಾರ ಕೊಟ್ಟದ್ದೆಲ್ಲ ಲಾಭ ಸಮೇತ ವಾಪಸ್ ಬಂತಲ್ಲ ಎಂದು ತಿಳಿದವರು ಈಗ ತಿದ್ದುತ್ತಾರೆ. ಎಐಜಿ ಮಟ್ಟಿಗೆ ನಿಜ. ಆದರೆ 2011ರ ಹೊತ್ತಿಗೆ ಸುಮಾರು 40 ಲಕ್ಷ ಕುಟುಂಬಗಳು ಮನೆ ಕಳೆದುಕೊಂಡಿದ್ದವು, ಮನೆಮಂದಿಯ 11 ಲಕ್ಷ ಕೋಟಿ ಡಾಲರಿನಷ್ಟು ಸಂಪತ್ತು ಆವಿಯಾಗಿತ್ತು ಎಂದು ಅದೇ ತನಿಖಾ ವರದಿ ಹೇಳುತ್ತದೆ. ಅವು ಯಾವ ಲಾಭ ಸಮೇತವೂ ವಾಪಸ್ ಬರಲಿಲ್ಲ. ಇತ್ತ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿದ ಹುಡುಗರಿಗೆ ಐಟಿ ಕಂಪನಿಗಳ ಆಫರ್ ಲೆಟರ್ ಬಂದಿತ್ತು, ಸೇರುವ ತಾರೀಖು ಬರಲಿಲ್ಲ. ನಾರ್ವಿಕ್‌ನವರಂತೆ ಅವರೂ ಕ್ಯಾಲಿಫೋರ್ನಿಯಾದ ಸಾಲಗಾರರನ್ನು ಕಂಡವರಲ್ಲ.

ಆಗ ಭಾರತದ ಬ್ಯಾಂಕುಗಳು ಉಳಿದದ್ದಕ್ಕೆ ನಾವು ಬೆನ್ನು ತಟ್ಟಿಕೊಂಡೆವು. ತಟ್ಟಬೇಕಿದ್ದದ್ದು ಒಬ್ಬರ ಬೆನ್ನು. ರಿಸರ್ವ್ ಬ್ಯಾಂಕ್ ಗವರ್ನರ್ ವೈ.ವಿ. ರೆಡ್ಡಿ ಮನೆ ಸಾಲಕ್ಕೂ ರಿಯಲ್ ಎಸ್ಟೇಟ್ ಸಾಲಕ್ಕೂ ಹೆಚ್ಚು ಬಂಡವಾಳ ತೆಗೆದಿಡುವಂತೆ ಬ್ಯಾಂಕುಗಳಿಗೆ ಕಟ್ಟಪ್ಪಣೆ ಮಾಡಿ, ಹೊಸ ಹೊಸ ಪತ್ರಗಳ ಆಟಕ್ಕೆ ಊಹೂಂ ಎಂದಿದ್ದರು. ಹಾಗೆನ್ನಲು ಅವರಿಗೆ ಯಾವ ಬಿಲ್ಡರನ ಶುಲ್ಕವೂ ಬೇಕಿರಲಿಲ್ಲ. ಪಾಠ ಕಲಿತೆವೇ? 2018ರ ಆಗಸ್ಟ್‌ವರೆಗೆ ಐಎಲ್ ಆಂಡ್ ಎಫ್‌ಎಸ್ ಎಂಬ ಮೂಲಸೌಕರ್ಯ ಸಂಸ್ಥೆಗೆ ನಮ್ಮ ಏಜೆನ್ಸಿಗಳು ಟ್ರಿಪಲ್ ಎ ಕೊಟ್ಟುಕೊಂಡೇ ಇದ್ದವು. ಸೆಪ್ಟೆಂಬರ್ ಮುಗಿಯುವುದರೊಳಗೆ ‘ಡಿ’, ಅಂದರೆ ಸಾಲ ತೀರಿಸಲಾಗದವನು. ಗುಂಪಿನ ಒಟ್ಟು ಸಾಲ 91,000 ಕೋಟಿ ರೂಪಾಯಿ ಮೀರಿತ್ತು. ಸೆಬಿ ಮೊದಲು ವಿಧಿಸಿದ ದಂಡ ಏಜೆನ್ಸಿಯೊಂದಕ್ಕೆ 25 ಲಕ್ಷ ರೂಪಾಯಿ, ಬಳಿಕ ಅದನ್ನು ಒಂದು ಕೋಟಿಗೆ ಏರಿಸಿತು. ಬೆಂಗಳೂರಿನಲ್ಲಿ ಆ ದುಡ್ಡಿಗೆ ಒಳ್ಳೆಯ ಫ್ಲ್ಯಾಟು ಬರುವುದೂ ಅನುಮಾನ. 2020ರ ಮಾರ್ಚ್ 5ರಂದು ಬ್ಯಾಂಕೊಂದರ ಗ್ರಾಹಕರು ತಮ್ಮದೇ ಹಣದಲ್ಲಿ 50,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದು ಆದೇಶ ಬಂತು. ಆ ಬ್ಯಾಂಕಿನ ಹೆಸರು ಯೆಸ್ ಬ್ಯಾಂಕ್. ವ್ಯಂಗ್ಯ ಬರೆದು ಹೊಟ್ಟೆ ಹೊರೆಯುವವರ ಅನ್ನಕ್ಕೆ ವಾಸ್ತವವೇ ಹೀಗೆ ಕಲ್ಲು ಹಾಕಬಾರದು.

ಅಮೆರಿಕವೂ ಕಲಿಯಿತೆನ್ನಿ. 2010ರಲ್ಲಿ ಕಠಿಣ ಕಾಯ್ದೆ ಬಂತು. ದೊಡ್ಡ ಬ್ಯಾಂಕುಗಳಿಗೆ ಬಿಗಿ ತಪಾಸಣೆ. ‘ದೊಡ್ಡ’ ಎಂದರೆ 5,000 ಕೋಟಿ ಡಾಲರ್ ಆಸ್ತಿಗಿಂತ ಮೇಲ್ಪಟ್ಟದ್ದು. ನಮ್ಮನ್ನು ಬಿಟ್ಟುಬಿಡಿ, ಆ ಮಿತಿ ಏರಿಸಿ ಎಂದು 2015ರಲ್ಲಿ ಸೆನೆಟ್‌ಗೆ ಮನವಿ ಕೊಟ್ಟವರಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಮುಖ್ಯಸ್ಥರೂ ಒಬ್ಬರು. 2018ರಲ್ಲಿ ಮಿತಿ 25,000 ಕೋಟಿಗೆ ಏರಿತು. 2022ರ ಕೊನೆಗೆ ಈ ಬ್ಯಾಂಕಿನ ಆಸ್ತಿ 20,900 ಕೋಟಿ, ಅಂದರೆ ಕಾನೂನಿನ ದೃಷ್ಟಿಯಲ್ಲಿ ಪಾಪದ ಕೂಸು. ಆ ವರ್ಷದ ಹೆಚ್ಚು ಭಾಗ ಅಲ್ಲಿ ಮುಖ್ಯ ಅಪಾಯ ನಿರ್ವಹಣಾಧಿಕಾರಿಯ ಕುರ್ಚಿ ಖಾಲಿಯಿತ್ತು. ಊಹೂಂ ಎನ್ನುವವನಿಗೆ ಲಂಚ ಕೊಡುವ ಗೋಜೇ ಬೇಡ, ಅವನನ್ನು ನೇಮಿಸದಿದ್ದರಾಯಿತು ಎಂಬ ಹೊಸ ಉಳಿತಾಯ ಮಾರ್ಗ. 2023ರ ಫೆಬ್ರುವರಿ 24ರಂದು ಲೆಕ್ಕಪರಿಶೋಧಕರು ಪುಸ್ತಕ ಸರಿಯಾಗಿದೆ ಎಂದು ಸಹಿ ಹಾಕಿದರು. ಮಾರ್ಚ್ 9ರ ಒಂದೇ ದಿನ ಗ್ರಾಹಕರು 4,200 ಕೋಟಿ ಡಾಲರ್ ಹಿಂತೆಗೆದರು. 10ರಂದು ಬ್ಯಾಂಕ್ ಮುಚ್ಚಿತು. ಅದರ ಮೇಲೆ ನಿಗಾ ಇಡಬೇಕಿದ್ದ, ಕೇಂದ್ರ ಬ್ಯಾಂಕಿನ ಅಂಗವಾದ ಸ್ಯಾನ್ ಫ್ರಾನ್ಸಿಸ್ಕೋ ಫೆಡರಲ್ ರಿಸರ್ವ್‌ನ ನಿರ್ದೇಶಕ ಮಂಡಳಿಯಲ್ಲಿ ಅಂದಿನವರೆಗೂ ಇದ್ದ ಒಬ್ಬ ಸದಸ್ಯರು ಯಾರು ಗೊತ್ತೇ? ಅದೇ ಬ್ಯಾಂಕಿನ ಮುಖ್ಯಸ್ಥರು. ತಪಾಸಕರು ಬರೆದಿಟ್ಟಿದ್ದ 31 ಎಚ್ಚರಿಕೆಗಳು ಫೈಲಿನಲ್ಲಿ ಸುರಕ್ಷಿತವಾಗಿದ್ದವು. ಠೇವಣಿಗಿಂತ ಹೆಚ್ಚು ಸುರಕ್ಷಿತ.

ಈಗ ಎಲ್ಲ ಸರಿಯಾಗಿದೆ ಎಂದು ಮತ್ತೆ ಹೇಳುತ್ತಿದ್ದಾರೆ. ಬ್ಯಾಂಕುಗಳು ಬಿಗಿಯಾದವು, ಸಾಲ ಕೊಡುವ ಕೆಲಸ ಬ್ಯಾಂಕಲ್ಲದವರ ಕೈಗೆ ಜಾರಿತು. ಜಗತ್ತಿನ ಹಣಕಾಸು ಆಸ್ತಿಯ ಅರ್ಧದಷ್ಟು ಈಗ ಅವರದೇ ಹಿಡಿತದಲ್ಲಿದೆ. ಜಗತ್ತಿನ ಒಟ್ಟು ಸಾಲ 300 ಲಕ್ಷ ಕೋಟಿ ಡಾಲರ್ ದಾಟಿದೆ. ಬೇಲಿ ಗಟ್ಟಿಯಾಗಿದೆ, ದನ ಮೇಯುತ್ತಿರುವುದು ಮಾತ್ರ ಬೇಲಿಯ ಆಚೆ.

ದೇಶದ ಸಮಯ, ಶ್ರಮ ಉಳಿಸಲೆಂದು ಮುಂದಿನ ಬಿಕ್ಕಟ್ಟಿನ ತನಿಖಾ ವರದಿಯನ್ನು ಈಗಲೇ ಬರೆದಿಟ್ಟಿದ್ದೇನೆ. ಮೊದಲ ಅಧ್ಯಾಯ: ಇದು ಯಾರೂ ನಿರೀಕ್ಷಿಸದ ಘಟನೆ. ಎರಡು: ಎಲ್ಲ ನಿಯಮಗಳನ್ನೂ ಪಾಲಿಸಲಾಗಿತ್ತು. ಮೂರು: ರೇಟಿಂಗ್ ಉತ್ತಮವಾಗಿತ್ತು, ಲೆಕ್ಕಪತ್ರ ಶುದ್ಧವಾಗಿತ್ತು, ಎಚ್ಚರಿಕೆಗಳು ಫೈಲಿನಲ್ಲಿದ್ದವು. ನಾಲ್ಕು: ತಪ್ಪು ವ್ಯವಸ್ಥೆಯದು, ವ್ಯಕ್ತಿಗಳದ್ದಲ್ಲ. ಐದು: ನಷ್ಟವನ್ನು ಎಲ್ಲರೂ ಹಂಚಿಕೊಳ್ಳಬೇಕು, ಈ ಹಿಂದೆ ಲಾಭ ಹಂಚಿಕೊಳ್ಳದವರೂ. ಸಂಸ್ಥೆಯ ಹೆಸರು, ತಾರೀಖು, ಮೊತ್ತದ ಜಾಗಗಳನ್ನು ಖಾಲಿ ಬಿಟ್ಟಿದ್ದೇನೆ, ಸಮಯ ಬಂದಾಗ ತುಂಬಿಕೊಳ್ಳಬಹುದು. ತಪ್ಪಿತಸ್ಥರು ಯಾರೆಂಬ ಕೊನೆಯ ಪುಟವೂ ಸದ್ಯಕ್ಕೆ ಖಾಲಿಯೇ ಇದೆ. ವರದಿಯ ಶುಲ್ಕ ಯಾರು ಕೊಡುತ್ತಾರೆಂದು ಮುಂಗಡ ತಿಳಿಸಿದರೆ ಅದನ್ನೂ ಇವತ್ತೇ ಬರೆದು ಮುಗಿಸುತ್ತೇನೆ.